ನೋಟ್ಸ್‌ಗೂ ಕೆಲಸದ ಪಟ್ಟಿಗೂ ಒಂದೇ ಆ್ಯಪ್ ಸಾಕಾ?

ಕಾರವಾರದಲ್ಲಿ ಹೊಸ ಕೆಲಸ, ಆಫೀಸಿನದೂ ಮರೆತು ಹೋಗುತ್ತಿದೆ, ಮನೆಯದೂ ಮರೆತು ಹೋಗುತ್ತಿದೆ, ಹಾಗಾಗಿ ಕನ್ನಡದಲ್ಲಿ ಬರೆಯಲು ಬರುವ, ದುಡ್ಡು ಕೇಳದ, ನೋಟ್ಸು ಮತ್ತು ಕೆಲಸದ ಪಟ್ಟಿ ಎರಡಕ್ಕೂ ಆಗುವ ಒಂದೇ ಆ್ಯಪ್ ಹೇಳಿ ಅಂತ ಕೇಳಿದ್ದೀರಿ. ಆ ‘ಒಂದೇ’ ಅನ್ನೋದನ್ನು ಬಿಟ್ಟರೆ ಉಳಿದದ್ದೆಲ್ಲ ಸಿಗುತ್ತದೆ.

ನಾನು ಸಾಫ್ಟ್‌ವೇರ್‌ನವನಲ್ಲ. ಶಿರಸಿಯಲ್ಲಿ ನೀರಿನ ಪಂಪ್ ರಿಪೇರಿ ಮಾಡುತ್ತೇನೆ. ಬೇಸಿಗೆಯಲ್ಲಿ ದಿನಕ್ಕೆ ಹತ್ತು ಫೋನ್ ಬರುತ್ತವೆ, ಅದರಲ್ಲಿ ಏಳು ಜನ ಹೆಗಡೆಯವರು, ಇಬ್ಬರು ಭಟ್ಟರು. ‘ತಮಾ, ಮೋಟ್ರು ಮತ್ತೆ ನಿಂತೋಯ್ದು, ಯಾವಾಗ ಬತ್ತೆ?’ ಅಂತ ಕೇಳಿ ಅಜ್ಜಿ ಫೋನ್ ಇಟ್ಟುಬಿಟ್ಟರೆ, ಅದು ಯಾವ ಊರು, ಯಾವ ಮನೆ, ಎಷ್ಟು ಎಚ್‌ಪಿ ಅಂತ ನಾನೇ ನೆನಪು ಮಾಡಿಕೊಳ್ಳಬೇಕು. ಮೊದಲು ಸಣ್ಣ ಡೈರಿ ಇತ್ತು, ಅಂಗಿ ಜೇಬಿನಲ್ಲೇ ಇರುತ್ತಿತ್ತು. ಮಳೆಗಾಲದಲ್ಲಿ ಅದು ಹಪ್ಪಳದ ಹಿಟ್ಟಿನ ಹಾಗೆ ಆಗುತ್ತಿತ್ತು.

ಆಮೇಲೆ ಫೋನಿನ ಜೊತೆಗೇ ಬಂದಿದ್ದ ನೋಟ್ಸ್ ಆ್ಯಪಿನಲ್ಲಿ ಬರೆಯಲು ಶುರು ಮಾಡಿದೆ. ಮೂರು ವರ್ಷ ಬರೆದೆ. ಒಂದು ಜುಲೈನಲ್ಲಿ ಕಾಲುಸಂಕ ದಾಟುವಾಗ ಫೋನ್ ಹಳ್ಳಕ್ಕೆ ಬಿತ್ತು. ಹೊಸ ಫೋನಿಗೆ ಅದೇ ನಂಬರ್, ಅದೇ ಅಕೌಂಟ್ ಹಾಕಿ ನೋಡಿದರೆ ಒಂದು ಸಾಲೂ ಇಲ್ಲ. ಬರೆದದ್ದನ್ನು ಅಕೌಂಟಿಗೂ ಕಳಿಸಿ ಇಡುವ ಸಿಂಕ್ ಅನ್ನೋದನ್ನು ನಾನು ಆನ್ ಮಾಡಿಯೇ ಇರಲಿಲ್ಲ. ಮುಂದಿನ ಬೇಸಿಗೆಯಲ್ಲಿ ಎಲ್ಲರ ಮನೆಗೂ ಹೋಗಿ ಮೋಟಾರಿನ ಪ್ಲೇಟು ಒರೆಸಿ ಮತ್ತೆ ಬರೆದುಕೊಂಡು ಬಂದೆ. ಹಾಗಾಗಿ ನೀವು ಯಾವ ಆ್ಯಪನ್ನೇ ಹಾಕಿ, ಎರಡು ನೋಟ್ ಬರೆದು, ಕಂಪ್ಯೂಟರಿನಲ್ಲೋ ಮನೆಯವರ ಫೋನಿನಲ್ಲೋ ಲಾಗಿನ್ ಆಗಿ ಅದು ಅಲ್ಲಿ ಕಾಣುತ್ತದಾ ನೋಡಿ. ಕಂಡರೆ ಮಾತ್ರ ಮುಂದುವರಿಯಿರಿ.

ಈಗ ನಾನು ಎರಡು ಆ್ಯಪ್ ಇಟ್ಟುಕೊಂಡಿದ್ದೇನೆ. ನೋಟ್ಸಿಗೆ ಗೂಗಲ್ ಕೀಪ್, ಕೆಲಸದ ಪಟ್ಟಿಗೆ ಮೈಕ್ರೋಸಾಫ್ಟ್ ಟು ಡು. ಎರಡಕ್ಕೂ ದುಡ್ಡು ಇಲ್ಲ. ಎರಡೂ ನೆಟ್‌ವರ್ಕ್ ಇಲ್ಲದಾಗ ತೆರೆಯುತ್ತವೆ, ಬರೆಸಿಕೊಳ್ಳುತ್ತವೆ, ಸಿಗ್ನಲ್ ಬಂದಾಗ ತಾವೇ ಕಳಿಸಿಕೊಳ್ಳುತ್ತವೆ. ನನಗೆ ಇದು ದೊಡ್ಡ ವಿಷಯ, ಯಾಕಂದರೆ ವಾನಳ್ಳಿ ದಾಟಿ ಇಳಿದರೆ ನನ್ನ ಫೋನಿನಲ್ಲಿ ಒಂದು ಕಡ್ಡಿಯೂ ಇರುವುದಿಲ್ಲ. ನೀವು ಪೇಟೆಯಲ್ಲಿದ್ದೀರಿ, ನಿಜ. ಆದರೆ ಕೊಂಕಣ ರೈಲಿನಲ್ಲಿ ಕೂತು ಸುರಂಗದೊಳಗೆ ಹೊಕ್ಕಾಗ ಏನೋ ನೆನಪಾಗುತ್ತದಲ್ವಾ, ಆಗ ಗೊತ್ತಾಗುತ್ತದೆ.

ಎರಡು ಯಾಕೆ ಅಂತೀರಾ? ನಮ್ಮ ತೋಟದ್ದೇ ಉದಾಹರಣೆ ಹೇಳುತ್ತೇನೆ. ಅಡಿಕೆಗೆ ಕೊಳೆ ರೋಗ ಬಾರದ ಹಾಗೆ ಮಳೆ ಹಿಡಿಯುವ ಮೊದಲು ಬೋರ್ಡೋ ದ್ರಾವಣ ಹೊಡೆಸುತ್ತೇವೆ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಈ ಲೆಕ್ಕ ಇವತ್ತೂ ಅದೇ, ಬರುವ ವರ್ಷವೂ ಅದೇ. ಇದು ನೋಟ್, ಕೀಪ್‌ನಲ್ಲಿದೆ. ಮೊದಲ ಸಲ ಹೊಡೆಸಿ 40–45 ದಿನಕ್ಕೆ ಎರಡನೇ ಸಲ ಹೊಡೆಸಬೇಕು, ಅದಕ್ಕೆ ಮೊದಲೇ ಆಳಿಗೆ ಹೇಳಿಡಬೇಕು. ಇದು ಕೆಲಸ. ಮುಗಿದ ದಿನ ಟಿಕ್ ಹೊಡೆದು ಕಣ್ಣೆದುರಿಂದ ಹೋಗಬೇಕು. ಎರಡನ್ನೂ ಒಂದೇ ಕಡೆ ಬರೆಯುತ್ತಿದ್ದಾಗ ಏನಾಗುತ್ತಿತ್ತು ಅಂದರೆ, ಮುಗಿದ ಕೆಲಸಗಳ ನಡುವೆ ಲೆಕ್ಕ ಹುಡುಕಬೇಕು, ಲೆಕ್ಕಗಳ ನಡುವೆ ಕೆಲಸ ಕಾಣುತ್ತಲೇ ಇರಲಿಲ್ಲ. ಕೊನೆಗೆ ಆ್ಯಪ್ ತೆರೆಯುವುದಕ್ಕೇ ಬೇಜಾರು.

ಟು ಡು ನನಗೆ ಹಿಡಿಸಿದ್ದು ‘ಮೈ ಡೇ’ ಅನ್ನುವ ಒಂದೇ ಕಾರಣಕ್ಕೆ. ದಿನಾ ಬೆಳಿಗ್ಗೆ ಆ ಪುಟ ಖಾಲಿ ಇರುತ್ತದೆ. ದೊಡ್ಡ ಪಟ್ಟಿಯಿಂದ ಇವತ್ತು ಆಗುವ ನಾಲ್ಕೈದನ್ನು ಆರಿಸಿ ಹಾಕಿಕೊಳ್ಳುತ್ತೇನೆ. ಮುಗಿಯದ್ದು ಅದರದರ ಪಟ್ಟಿಯಲ್ಲೇ ಉಳಿದಿರುತ್ತದೆ, ಕಳೆದುಹೋಗುವುದಿಲ್ಲ. ಚಾ ಕುಡಿಯುತ್ತ ಮಾಡುವ ಕೆಲಸ. ಪಟ್ಟಿಯಲ್ಲಿ ಬರೆಯುವಾಗ ಪೂರ್ತಿ ಬರೆಯಿರಿ. ನಾನು ಮೊದಲು ಸುಮ್ನೆ ‘ಬಂಡಲ’ ಅಂತ ಊರಿನ ಹೆಸರಷ್ಟೇ ಬರೆಯುತ್ತಿದ್ದೆ. ಮೂರು ದಿನ ಬಿಟ್ಟು ನೋಡಿದರೆ ಬಂಡಲದಲ್ಲಿ ಎಂತ ಮಾಡಬೇಕಿತ್ತು ಅಂತ ನನಗೇ ಗೊತ್ತಿಲ್ಲ! ಈಗ ‘ಬಂಡಲ ಮೇಲಿನಮನೆಗೆ ಸೀಲ್ ಒಯ್ಯಬೇಕು’ ಅಂತ ಬರೆಯುತ್ತೇನೆ.

ಅದೇ ಮನೆಯದು ಕೀಪ್‌ನಲ್ಲಿ ಹೀಗಿದೆ: ‘ಮೇಲಿನಮನೆ. 3 ಎಚ್‌ಪಿ, ಮೂರು ಫೇಸ್. ಬೇರಿಂಗ್ 6205. ಸೀಲ್ ಹೋದ ವರ್ಷ ಹಾಕಿದ್ದು. ಹೋಗುವ ಮೊದಲು ನಾಯಿ ಕಟ್ಟಲು ಹೇಳಬೇಕು.’ ಕೆಳಗೆ ಮೋಟಾರಿನ ಪ್ಲೇಟಿನ ಫೋಟೋ. ಫೋಟೋದಲ್ಲಿರುವ ಇಂಗ್ಲಿಷ್ ಅಕ್ಷರ, ಅಂಕಿ ಎತ್ತಿಕೊಡುವ ಸೌಲಭ್ಯ ಕೀಪ್‌ನಲ್ಲೇ ಇದೆ. ತುಕ್ಕು ಹಿಡಿದ ಪ್ಲೇಟಾದರೆ ಅದಕ್ಕೂ ಓದಲು ಬರುವುದಿಲ್ಲ, ನನಗೂ ಬರುವುದಿಲ್ಲ.

ಕನ್ನಡದ ವಿಷಯ. ಬರೆಯುವುದಕ್ಕೆ ಏನೂ ತೊಂದರೆ ಇಲ್ಲ, ಅದು ಕೀಬೋರ್ಡಿನ ಕೆಲಸ. ಗೂಗಲ್‌ನ ಕೀಬೋರ್ಡ್ ಆದ ಜಿಬೋರ್ಡಿನಲ್ಲಿ ಕನ್ನಡ ಸೇರಿಸಿದರೆ ಕಂಗ್ಲಿಷ್‌ನಲ್ಲಿ ಒತ್ತಿ ಕನ್ನಡ ಪಡೆಯಬಹುದು, ಮೈಕ್ ಒತ್ತಿ ಮಾತಾಡಿಯೂ ಬರೆಸಬಹುದು. ಕೈಗೆ ಗ್ರೀಸ್ ಆಗಿದ್ದಾಗ ನನಗೆ ಮೈಕೇ ಗತಿ. ತಾಪತ್ರಯ ಇರುವುದು ಹುಡುಕುವಾಗ. ನಾನು ಒಂದು ದಿನ ‘ಮೋಟರ್’ ಅಂತ ಬರೆಯುತ್ತೇನೆ, ಇನ್ನೊಂದು ದಿನ ‘ಮೋಟಾರ್’, ಅವಸರದಲ್ಲಿ ‘ಮೋಟ್ರು’. ನಮ್ಮ ಊರಿನ ಹೆಸರೇ ನೋಡಿ, ಶಿರಸಿ, ಸಿರಸಿ, ಶಿರ್ಸಿ. ಹುಡುಕುವಾಗ ಒಂದು ರೂಪ ಒತ್ತಿದರೆ ಉಳಿದವು ಬರುವುದಿಲ್ಲ. ಇದಕ್ಕೆ ನಾನು ಮಾಡಿಕೊಂಡ ಉಪಾಯ ಲೇಬಲ್. ಊರಿಗೊಂದು ಲೇಬಲ್, ತೋಟಕ್ಕೊಂದು, ಮನೆ ಕಾಗದಪತ್ರಕ್ಕೊಂದು. ಲೇಬಲ್ ಒತ್ತಿದರೆ ಅದರ ನೋಟ್ ಎಲ್ಲ ಒಟ್ಟಿಗೆ ಬರುತ್ತವೆ, ಕಾಗುಣಿತದ ಗೋಜಿಲ್ಲ. ಆದರೆ ಜಾಸ್ತಿ ಮಾಡಬೇಡಿ. ನನ್ನದು ಒಮ್ಮೆ ನಲವತ್ತು ದಾಟಿ, ಲೇಬಲ್ ಹುಡುಕುವುದೇ ಒಂದು ಕೆಲಸವಾಗಿತ್ತು.

ಮನೆಯವರ ಜೊತೆ ಪಟ್ಟಿ ಹಂಚಿಕೊಳ್ಳುವುದನ್ನು ಖಂಡಿತ ಮಾಡಿ. ಕೀಪ್‌ನಲ್ಲಿ ಚೆಕ್‌ಬಾಕ್ಸ್ ಇರುವ ನೋಟ್ ಮಾಡಿ, ಅವರ ಜಿಮೇಲ್ ಸೇರಿಸಿದರೆ ಆಯಿತು. ನೀವು ರವಿವಾರ ಕಾರವಾರದ ಸಂತೆಯಲ್ಲಿ ನಿಂತಿರುವಾಗ ಮನೆಯಿಂದ ‘ಹಸಿಮೆಣಸು’ ಅಂತ ಸೇರಿಸಿದರೆ ನಿಮ್ಮ ಫೋನಿನಲ್ಲಿ ಕಾಣುತ್ತದೆ. ಕಾಣಲಿಲ್ಲ ಅಂತ ತಪ್ಪಿಸಿಕೊಳ್ಳುವ ದಾರಿ ಮಾತ್ರ ಮುಚ್ಚಿಹೋಗುತ್ತದೆ, ಅದೊಂದು ನೋಡಿಕೊಳ್ಳಿ.

ಬೇರೆ ಆ್ಯಪ್‌ಗಳೂ ಇವೆ. ಎವರ್‌ನೋಟ್ ಹಳೆಯದು, ಒಳ್ಳೆಯದೇ. ಆದರೆ 2023ರ ಕೊನೆಗೆ ಉಚಿತವಾಗಿ ಬಳಸುವವರಿಗೆ 50 ನೋಟ್‌ಗಳ ಮಿತಿ ಹಾಕಿದರು. ನನ್ನ ಒಂದು ಸೀಮೆಯ ಮೋಟಾರುಗಳಿಗೇ ಅದು ಸಾಲದು. ವಂಡರ್‌ಲಿಸ್ಟ್ ಅಂತ ಜನ ಬಹಳ ಮೆಚ್ಚಿದ್ದ ಪಟ್ಟಿ ಆ್ಯಪ್ ಇತ್ತು. 2015ರಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಂಡುಕೊಂಡಿತು, 2020ರ ಮೇ ತಿಂಗಳಲ್ಲಿ ಮುಚ್ಚಿತು, ಬಳಸುತ್ತಿದ್ದವರನ್ನು ಟು ಡುಗೆ ಕರೆದುಕೊಂಡಿತು. ಅಂದರೆ ಕಂಪನಿಯವರು ಯಾವಾಗ ಏನು ಮಾಡುತ್ತಾರೋ ನಮ್ಮ ಕೈಯಲ್ಲಿಲ್ಲ. ಅದಕ್ಕೇ ನಾನು ಆರು ತಿಂಗಳಿಗೊಮ್ಮೆ ಗೂಗಲ್ ಟೇಕ್‌ಔಟ್‌ನಿಂದ ಕೀಪ್‌ನ ಎಲ್ಲ ನೋಟ್ ಇಳಿಸಿ ಪೆನ್‌ಡ್ರೈವಿಗೆ ಹಾಕಿಡುತ್ತೇನೆ. ನೋಷನ್ ನೋಡಿದೆ, ಅದರಲ್ಲಿ ಮನೆ ಕಟ್ಟುವಷ್ಟು ಸಾಮಾನಿದೆ, ನನಗೆ ಬೇಕಿದ್ದದ್ದು ಒಂದು ಕಪಾಟು. ಗುಟ್ಟಿನ ವಿಷಯ ಬರೆಯುವುದಿದ್ದರೆ ಜೋಪ್ಲಿನ್ ನೋಡಬಹುದು, ಅದರಲ್ಲಿ ಎನ್‌ಕ್ರಿಪ್ಷನ್ ಇದೆ, ಅಂದರೆ ಬೇರೆಯವರಿಗೆ ಓದಲು ಬಾರದ ಹಾಗೆ ಗುಟ್ಟಾಗಿಡುವ ವ್ಯವಸ್ಥೆ. ಕೀಪ್‌ನಲ್ಲಿ ನೋಟಿಗೆ ಬೀಗ ಹಾಕುವ ವ್ಯವಸ್ಥೆ ಇಲ್ಲ, ಎಟಿಎಂ ಪಿನ್ ಅಲ್ಲಿ ಬರೆಯಬೇಡಿ. ಅಳಿಸಿದ ನೋಟ್ ಕಸದ ಬುಟ್ಟಿಯಲ್ಲಿ 7 ದಿನ ಮಾತ್ರ ಇರುತ್ತದೆ, ಅದೂ ಗೊತ್ತಿರಲಿ.

ಕೊನೆಯದು ರಿಮೈಂಡರ್. ಬಹಳ ಜನ ‘ಆ್ಯಪ್ ಸರಿ ಇಲ್ಲ, ಹೊತ್ತಿಗೆ ಬಡಿಯಲ್ಲ’ ಅಂತ ತೆಗೆದುಹಾಕುತ್ತಾರೆ. ಎಷ್ಟೋ ಸಲ ತಪ್ಪು ಆ್ಯಪಿನದ್ದಲ್ಲ. ಬ್ಯಾಟರಿ ಉಳಿಸಲು ಫೋನೇ ಹಿಂದೆ ನಡೆಯುತ್ತಿರುವ ಆ್ಯಪನ್ನು ಮಲಗಿಸಿಬಿಡುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪಿನ ಹೆಸರು ತೆರೆದು, ಬ್ಯಾಟರಿ ಅನ್ನುವಲ್ಲಿ ‘ಅನ್‌ರಿಸ್ಟ್ರಿಕ್ಟೆಡ್’ ಮಾಡಿ, ನೋಟಿಫಿಕೇಶನ್ ಆನ್ ಇದೆಯಾ ನೋಡಿ. ಆಮೇಲೆ ಐದು ನಿಮಿಷ ಬಿಟ್ಟು ಬಡಿಯುವ ಹಾಗೆ ಒಂದು ರಿಮೈಂಡರ್ ಇಟ್ಟು, ಫೋನ್ ಲಾಕ್ ಮಾಡಿ ಕಾಯಿರಿ. ಒಂದೊಂದು ಕಂಪನಿಯ ಫೋನಿನಲ್ಲಿ ಈ ಸೆಟ್ಟಿಂಗ್ ಒಂದೊಂದು ಕಡೆ ಅಡಗಿರುತ್ತದೆ. ಸಿಗದಿದ್ದರೆ ಫೋನಿನ ಮಾಡೆಲ್ ಬರೆಯಿರಿ, ರಾತ್ರಿ ಅಂಗಡಿ ಮುಚ್ಚಿದ ಮೇಲೆ ನೋಡಿ ಹೇಳುತ್ತೇನೆ.