ಅಕ್ಕನ ಹಳೇ ಬಯಾಲಜಿ ಪುಸ್ತಕ ಈಗಿನ ದ್ವಿತೀಯ ಪಿಯುಸಿಗೆ ನಡೆಯುತ್ತದೆಯೇ?

2019ರಲ್ಲಿ ಪಿಯುಸಿ ಮುಗಿಸಿದ ಅಕ್ಕನ ಪಠ್ಯಪುಸ್ತಕ, ನೋಟ್ಸು, ಹಳೇ ಪ್ರಶ್ನೆಪತ್ರಿಕೆಗಳು ನಿಮ್ಮ ಕೈಗೆ ಬಂದಿವೆ. ಪಾಠಗಳನ್ನು ಕಡಿಮೆ ಮಾಡಿದ್ದಾರಂತೆ, ಪರೀಕ್ಷೆಯೂ ಬದಲಾಗಿದೆಯಂತೆ, ಇವನ್ನು ಎಷ್ಟು ನಂಬಬಹುದು, ಸಿಇಟಿ ಮತ್ತು ನೀಟ್‌ಗೂ ಸಾಲುತ್ತವೆಯೇ ಎಂದು ಕೇಳಿದ್ದೀರಿ.

ನಡೆಯುತ್ತದೆ. ಆದರೆ ಒಂದು ಸಂಜೆ ಪೆನ್ಸಿಲ್ ಹಿಡಿದು ಕೂತು ಸರಿ ಮಾಡಿಕೊಂಡ ಮೇಲೆಯೇ.

ನಮ್ಮ ಪಿಯು ವಿಜ್ಞಾನ ವಿಭಾಗದಲ್ಲಿ ಓದುವುದು ಎನ್‌ಸಿಇಆರ್‌ಟಿ (ಕೇಂದ್ರದ ಪಠ್ಯಪುಸ್ತಕ ಸಂಸ್ಥೆ) ಪಠ್ಯವನ್ನೇ. 2022ರಲ್ಲಿ ಎನ್‌ಸಿಇಆರ್‌ಟಿ ಪಠ್ಯದ ಹೊರೆ ಇಳಿಸಿತು. ದ್ವಿತೀಯ ಪಿಯುಸಿಯ 16 ಪಾಠಗಳಲ್ಲಿ ಮೂರು ಪೂರ್ತಿ ಹೋದವು: 1ನೇ ಪಾಠ (ಜೀವಿಗಳಲ್ಲಿ ಸಂತಾನೋತ್ಪತ್ತಿ), 9ನೇ ಪಾಠ (ಆಹಾರ ಉತ್ಪಾದನೆ ಹೆಚ್ಚಿಸುವ ತಂತ್ರಗಳು), 16ನೇ ಪಾಠ (ಪರಿಸರ ಸಮಸ್ಯೆಗಳು). ಉಳಿದದ್ದು 13. ಆದ್ದರಿಂದ ಅಕ್ಕನ ಪುಸ್ತಕದ ಪಾಠದ ಸಂಖ್ಯೆ ಈಗಿನದಕ್ಕೆ ತಾಳೆಯಾಗುವುದಿಲ್ಲ. ಲೆಕ್ಕ ಸುಲಭ: ಹಳೆಯ 2ರಿಂದ 8ರವರೆಗಿನ ಪಾಠಗಳಿಗೆ ಒಂದು ಕಳೆಯಿರಿ, 10ರಿಂದ 15ರವರೆಗಿನವಕ್ಕೆ ಎರಡು ಕಳೆಯಿರಿ. ಅನುವಂಶೀಯತೆಯ ತತ್ವಗಳು 5 ಇದ್ದದ್ದು 4 ಆಯಿತು, ಜೀವಿವೈವಿಧ್ಯ 15 ಇದ್ದದ್ದು 13 ಆಯಿತು. ನೋಟ್ಸಿನ ಪ್ರತಿ ಪಾಠದ ಮೇಲೂ ಹೊಸ ಸಂಖ್ಯೆ ಬರೆದುಬಿಡಿ. ಇಲ್ಲದಿದ್ದರೆ ಕಾಲೇಜಿನಲ್ಲಿ "ನಾಳೆ ಟೆಸ್ಟು, 5ನೇ ಪಾಠ" ಎಂದಾಗ ನೀವು ಡಿಎನ್‌ಎ ಬಿಟ್ಟು ಮೆಂಡೆಲ್ ಓದಿಕೊಂಡು ಹೋಗುತ್ತೀರಿ.

ಪೂರ್ತಿ ಹೋದ ಪಾಠಗಳಿಗಿಂತ, ಒಳಗೊಳಗೇ ಕತ್ತರಿಸಿದ ಭಾಗಗಳನ್ನು ಗುರುತಿಸುವುದು ಕಷ್ಟ. ಜೀವಿಗಳು ಮತ್ತು ಪಾಪ್ಯುಲೇಶನ್‌ಗಳು (ಒಂದು ಜಾಗದಲ್ಲಿರುವ ಒಂದೇ ಜಾತಿಯ ಜೀವಿಗಳ ಗುಂಪುಗಳು) ಪಾಠದಲ್ಲಿ ಉಷ್ಣಾಂಶ, ನೀರು, ಬೆಳಕು ಎಂಬ ಅಜೈವಿಕ ಅಂಶಗಳೂ ಅವಕ್ಕೆ ಜೀವಿಗಳ ಹೊಂದಾಣಿಕೆಯೂ ಹೋಗಿವೆ. ಪಾಪ್ಯುಲೇಶನ್ನಿನ ಗುಣಲಕ್ಷಣಗಳು, ಬೆಳವಣಿಗೆಯ ಮಾದರಿಗಳು, ಜೀವಿಗಳ ನಡುವಣ ಸಂಬಂಧಗಳು ಉಳಿದಿವೆ. ಪರಿಸರ ವ್ಯವಸ್ಥೆ ಪಾಠದಲ್ಲಿ ಸಕ್ಸೆಶನ್ (ಒಂದು ಜಾಗದ ಜೀವಿಸಮುದಾಯ ಕಾಲಕ್ರಮೇಣ ಬದಲಾಗುತ್ತಾ ಹೋಗುವುದು) ಹಾಗೂ ಪೋಷಕಾಂಶಗಳ ಚಕ್ರ ಹೋಗಿವೆ. ಉತ್ಪಾದಕತೆ, ಕೊಳೆಯುವಿಕೆ, ಶಕ್ತಿಯ ಹರಿವು, ಪಿರಮಿಡ್ಡುಗಳು ಇವೆ. ಇದಕ್ಕೆ ಎನ್‌ಸಿಇಆರ್‌ಟಿ ಜಾಲತಾಣದಲ್ಲಿ ಉಚಿತವಾಗಿ ಸಿಗುವ ಈಗಿನ ಪಿಡಿಎಫ್ ತೆರೆದು, ಉಪಶೀರ್ಷಿಕೆಗಳನ್ನು ಒಂದೊಂದಾಗಿ ಹಳೇ ಪುಸ್ತಕದ ಜೊತೆ ತಾಳೆ ನೋಡುವುದೇ ದಾರಿ.

ಇಲ್ಲಿ ಬಹಳ ಜನ ಎಡವುತ್ತಾರೆ, ಗಮನವಿಟ್ಟು ಓದಿ. ತೆಗೆದದ್ದು ಪುಟಗಳನ್ನು. ಆ ಪುಟಗಳಲ್ಲಿದ್ದ ವಿಷಯ ಬೇರೆ ಪಾಠದಲ್ಲಿ ಹಾಗೇ ಕೂತಿರಬಹುದು. ಕೈಬಿಟ್ಟ 1ನೇ ಪಾಠದ ಜೊತೆ ಪಾರ್ಥೆನೋಜೆನೆಸಿಸ್ (ಫಲಿತಗೊಳ್ಳದ ಮೊಟ್ಟೆಯಿಂದಲೇ ಮರಿ ಹುಟ್ಟುವುದು) ಹೋಯಿತು ಅಂದುಕೊಂಡು ಅಡ್ಡಗೆರೆ ಎಳೆದರೆ, ಜೇನುನೊಣದ ಲಿಂಗ ನಿರ್ಧಾರ ಓದುವಾಗ ಗಂಡು ನೊಣ ಫಲಿತಗೊಳ್ಳದ ಮೊಟ್ಟೆಯಿಂದ ಹೇಗೆ ಹುಟ್ಟುತ್ತದೆ ಎಂದು ಬರೆಯಲಾಗುವುದಿಲ್ಲ. 9ನೇ ಪಾಠದ ಜಾನುವಾರು ತಳಿ ಅಭಿವೃದ್ಧಿಯಲ್ಲಿದ್ದ ಇನ್‌ಬ್ರೀಡಿಂಗ್ ಡಿಪ್ರೆಶನ್ (ಹತ್ತಿರದ ಸಂಬಂಧದೊಳಗೇ ಸಂತಾನವಾಗುತ್ತಾ ಹೋದರೆ ಸಂತತಿಯ ಬಲ ಕುಂದುವುದು), ಹೂಬಿಡುವ ಸಸ್ಯಗಳ ಪಾಠದಲ್ಲಿ ಸ್ವಕೀಯ ಪರಾಗಸ್ಪರ್ಶ ತಡೆಯುವ ಉಪಾಯಗಳ ಕಾರಣವಾಗಿ ಇನ್ನೂ ಇದೆ. ಅಂತರಗಂಗೆ (ವಾಟರ್ ಹಯಸಿಂತ್) ಕಳೆಯನ್ನು 1ನೇ ಪಾಠದಿಂದ ತೆಗೆದರು, ಆದರೆ ಜೀವಿವೈವಿಧ್ಯದ ಪಾಠದಲ್ಲಿ ಲಂಟಾನ, ಪಾರ್ಥೇನಿಯಂ ಪಕ್ಕದಲ್ಲೇ ಹೊರಗಿನಿಂದ ಬಂದ ಆಕ್ರಮಣಕಾರಿ ಸಸ್ಯವಾಗಿ ಅದಿದೆ. ಪರಿಸರ ಸಮಸ್ಯೆಗಳ ಪಾಠ ಹೋದರೂ ಬಿಒಡಿ (ನೀರಿನ ಕೊಳೆಯನ್ನು ಸೂಕ್ಷ್ಮಜೀವಿಗಳು ಒಡೆಯಲು ಬೇಕಾಗುವ ಆಮ್ಲಜನಕದ ಅಳತೆ) ಉಳಿದಿದೆ, ಸೂಕ್ಷ್ಮಜೀವಿಗಳ ಪಾಠದ ಕೊಳಚೆ ನೀರು ಸಂಸ್ಕರಣೆಯಲ್ಲಿ. ಅಂಗಾಂಶ ಕೃಷಿಯಂತೂ 9ನೇ ಪಾಠದಿಂದ ಎದ್ದು ಬಯೋಟೆಕ್ನಾಲಜಿಯ ಅನ್ವಯಗಳ ಪಾಠಕ್ಕೆ ಬಂದು ಸೇರಿದೆ: ಎಕ್ಸ್‌ಪ್ಲಾಂಟ್ (ಬೆಳೆಸಲು ತೆಗೆದುಕೊಂಡ ಗಿಡದ ತುಂಡು), ಟೋಟಿಪೊಟೆನ್ಸಿ (ಒಂದು ಕೋಶದಿಂದ ಇಡೀ ಗಿಡ ಬೆಳೆಯುವ ಶಕ್ತಿ), ಸೊಮಾಕ್ಲೋನ್ (ಹಾಗೆ ಬೆಳೆದ ತದ್ರೂಪಿ ಗಿಡ) ಎಲ್ಲ ಅಲ್ಲಿವೆ. ಅಕ್ಕನ ನೋಟ್ಸಿನ ಆ ಪುಟಗಳನ್ನು ಕಿತ್ತು ಅಲ್ಲಿಗೆ ಪಿನ್ ಮಾಡಿ.

ಆ 16ನೇ ಪಾಠದಲ್ಲಿ ನಮ್ಮ ಬೆಂಗಳೂರಿನ ಅಹ್ಮದ್ ಖಾನ್ ಅವರ ಪ್ಲಾಸ್ಟಿಕ್ ರಸ್ತೆಯ ಸಂಗತಿ ಇತ್ತು. ಪ್ಲಾಸ್ಟಿಕ್ ತ್ಯಾಜ್ಯದ ಪಾಲಿಬ್ಲೆಂಡ್ ಪುಡಿಯನ್ನು ಡಾಂಬರಿಗೆ ಬೆರೆಸಿ, 2002ರ ಹೊತ್ತಿಗೆ ನಗರದಲ್ಲಿ ಸುಮಾರು 40 ಕಿ.ಮೀ. ರಸ್ತೆ ಹಾಕಿದ್ದರು. ಅದು ಹೋದದ್ದಕ್ಕೆ ನನಗೆ ನಿಜಕ್ಕೂ ಬೇಸರವಿದೆ.

ಇನ್ನು ಪ್ರಶ್ನೆಪತ್ರಿಕೆ. ಥಿಯರಿ 70, ಪ್ರಾಯೋಗಿಕ 30, ಇದು ಮೊದಲಿನಂತೆಯೇ. ಅಕ್ಕನ ಕಾಲದಲ್ಲಿ ಎ ಭಾಗ ಎಂದರೆ ಒಂದು ಪದ ಅಥವಾ ಒಂದು ವಾಕ್ಯದ 10 ಪ್ರಶ್ನೆ. ಈಗ ಅದು 20 ಅಂಕ: 15 ಬಹು ಆಯ್ಕೆ, ಆವರಣದಲ್ಲಿ ಕೊಟ್ಟ ಪದಗಳಿಂದ ತುಂಬುವ 5 ಬಿಟ್ಟ ಸ್ಥಳ. ಆಮೇಲೆ ಎರಡು ಅಂಕದ 5, ಮೂರು ಅಂಕದ 5, ಐದು ಅಂಕದ 5 ಉತ್ತರ ಬರೆದರೆ 70 ತುಂಬುತ್ತದೆ. ಹಾಗಾಗಿ ಹಳೇ ಪತ್ರಿಕೆಗಳ ಬಿ, ಸಿ, ಡಿ ಭಾಗಗಳು ಅಭ್ಯಾಸಕ್ಕೆ ಈಗಲೂ ಒಳ್ಳೆಯವು, ಕೈಬಿಟ್ಟ ಪಾಠಗಳ ಪ್ರಶ್ನೆ ಹೊಡೆದುಹಾಕಿದರೆ ಸಾಕು. ಎ ಭಾಗಕ್ಕೆ ಮಾತ್ರ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಇತ್ತೀಚಿನ ಮಾದರಿ ಪತ್ರಿಕೆಗಳನ್ನೇ ಬಳಸಿ. ಎ ಭಾಗದಲ್ಲಿ ಮೊದಲು ಬರೆದ ಉತ್ತರವನ್ನಷ್ಟೇ ನೋಡುತ್ತಾರೆ. "ಬಿ" ಎಂದು ಬರೆದು, ಅನುಮಾನ ಬಂದು ಕೊನೇ ಪುಟದಲ್ಲಿ ಮತ್ತೆ "ಸಿ" ಎಂದು ಬರೆದರೆ ಆ ಎರಡನೆಯದು ಲೆಕ್ಕಕ್ಕಿಲ್ಲ.

ಚಿತ್ರಗಳಿಗೆ ಭಾಗ ಗುರುತಿಸದಿದ್ದರೆ ಅಂಕವೇ ಇಲ್ಲ, ಇದನ್ನು ಪತ್ರಿಕೆಯ ಸೂಚನೆಯಲ್ಲೇ ಮುದ್ರಿಸಿರುತ್ತಾರೆ. ಹೂವಿನ ಅಂಡಕದೊಳಗಿನ ಭ್ರೂಣಚೀಲವನ್ನೇ ನೋಡಿ. ಮೈಕ್ರೊಪೈಲ್ (ಅಂಡಕದ ಸಣ್ಣ ರಂಧ್ರ) ತುದಿಯಲ್ಲಿ ಒಂದು ಅಂಡಕೋಶ, ಎರಡು ಸಿನರ್ಜಿಡ್. ಸಿನರ್ಜಿಡ್‌ಗಳ ತುದಿಯಲ್ಲಿ ಫಿಲಿಫಾರ್ಮ್ ಅಪರೇಟಸ್. ಎದುರು ತುದಿಯಲ್ಲಿ ಮೂರು ಆಂಟಿಪೋಡಲ್. ನಡುವಣ ದೊಡ್ಡ ಕೋಶದಲ್ಲಿ ಎರಡು ಪೋಲಾರ್ ನ್ಯೂಕ್ಲಿಯಸ್. ಕೋಶ 7, ನ್ಯೂಕ್ಲಿಯಸ್ 8. ತಪ್ಪಾಗುವುದು ಎರಡು ಕಡೆ: ನಡುವೆ ಎರಡು ನ್ಯೂಕ್ಲಿಯಸ್ ಕಂಡು ಎರಡು ಕೋಶ ಎಂದು ಎಣಿಸಿ 8 ಕೋಶ ಎನ್ನುವುದು, ಚಿತ್ರ ತಲೆಕೆಳಗಾಗಿ ಬಿಡಿಸಿ ಮೈಕ್ರೊಪೈಲ್ ತುದಿ ಎಂದು ಗುರುತಿಸುವ ಜಾಗದಲ್ಲಿ ಆಂಟಿಪೋಡಲ್ ಇಡುವುದು. ಮೊದಲು ಮೈಕ್ರೊಪೈಲ್ ಎಂದು ಬರೆದುಕೊಂಡು ಆಮೇಲೆ ಒಳಗಿನದನ್ನು ಬಿಡಿಸಿದರೆ ಎರಡನೆಯ ತಪ್ಪು ಆಗುವುದಿಲ್ಲ.

ಸಿಇಟಿಯಲ್ಲಿ 60 ಪ್ರಶ್ನೆ, 80 ನಿಮಿಷ, ತಪ್ಪಿಗೆ ಅಂಕ ಕಳೆಯುವುದಿಲ್ಲ. 2024ರ ಏಪ್ರಿಲ್ 18 ಮತ್ತು 19ರ ಸಿಇಟಿಯಲ್ಲಿ ಕೈಬಿಟ್ಟ ಭಾಗಗಳಿಂದಲೂ ಪ್ರಶ್ನೆ ಬಂದು ದೊಡ್ಡ ಗಲಾಟೆಯಾಯಿತು. ಕೊನೆಗೆ ನಾಲ್ಕೂ ವಿಷಯ ಸೇರಿ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಬಿಟ್ಟರು, ಅದರಲ್ಲಿ ಜೀವಶಾಸ್ತ್ರದ್ದು 11. ಇದರಿಂದ ನಿಮಗೆ ಎರಡು ಮಾತು. 2024ರ ಪತ್ರಿಕೆ ಬಿಡಿಸುವಾಗ ಅಂತಿಮ ಕೀ ಉತ್ತರ ಪಕ್ಕದಲ್ಲಿಟ್ಟುಕೊಳ್ಳಿ. ಪರೀಕ್ಷೆಯಲ್ಲಿ ಅಂಥ ಪ್ರಶ್ನೆ ಎದುರಾದರೆ ತಲೆ ಕೆಡಿಸಿಕೊಳ್ಳದೆ ಒಂದು ಆಯ್ಕೆ ತುಂಬಿ ಮುಂದೆ ಹೋಗಿ. ಅಲ್ಲಿ ಕಳೆಯುವ ಐದು ನಿಮಿಷ ಮುಂದಿನ ಮೂರ್ನಾಲ್ಕು ಪ್ರಶ್ನೆಗಳನ್ನು ತಿನ್ನುತ್ತದೆ.

ನೀಟ್ ಇದೇ ಅಳತೆಗೆ ಹೊಂದುವುದಿಲ್ಲ. ರಾಷ್ಟ್ರೀಯ ವೈದ್ಯಕೀಯ ಆಯೋಗ 2024ರ ನೀಟ್‌ಗೆ ತನ್ನದೇ ಪಠ್ಯಪಟ್ಟಿ ಕೊಟ್ಟಿತು. ಹೊಸ ಪ್ರಥಮ ಪಿಯುಸಿ ಪುಸ್ತಕದಲ್ಲಿ ಸಸ್ಯ ಕುಟುಂಬಗಳ ಪೈಕಿ ಸೊಲನೇಸಿ ಮಾತ್ರ ಉಳಿದಿದ್ದರೆ, ಆ ಪಟ್ಟಿಯಲ್ಲಿ ಮಾಲ್ವೇಸಿ, ಕ್ರುಸಿಫೆರಿ, ಲೆಗ್ಯುಮಿನೋಸಿ, ಕಾಂಪೊಸಿಟಿ, ಗ್ರಾಮಿನಿ ಇವೆ. ಪುಸ್ತಕದಿಂದ ತೆಗೆದ ಪ್ರಾಣಿ ಅಂಗಾಂಶಗಳೂ ಅದರಲ್ಲಿವೆ. ಇಲ್ಲಿ ಅಕ್ಕನ ಪ್ರಥಮ ಪಿಯುಸಿ ಪುಸ್ತಕ ಹೊಸದಕ್ಕಿಂತ ಉಪಯೋಗಕ್ಕೆ ಬರುತ್ತದೆ, ಅಂಗಾಂಶಗಳ ಚಿತ್ರಗಳು ಅದರಲ್ಲಿವೆ. ಪಟ್ಟಿಯ ಮುದ್ರಿತ ಪ್ರತಿ ಪುಸ್ತಕದೊಳಗೇ ಇರಲಿ, ವರ್ಷ ವರ್ಷ ಹೊಸದು ನೋಡಿ. ಅಕ್ಕನ ಕಾಲದ ನಂತರ ನೀಟ್‌ನಲ್ಲಿ ಕೆಲವು ವರ್ಷ ಇದ್ದ ಐಚ್ಛಿಕ ಪ್ರಶ್ನೆಗಳೂ ಹೋಗಿ, 2025ರಿಂದ 180 ನಿಮಿಷಕ್ಕೆ 180 ಪ್ರಶ್ನೆ, ಜೀವಶಾಸ್ತ್ರ 90. ಸರಿಗೆ 4, ತಪ್ಪಿಗೆ 1 ಕಳೆಯುತ್ತಾರೆ, ಸಿಇಟಿಯ ಹಾಗೆ ಕಣ್ಣುಮುಚ್ಚಿ ತುಂಬಬೇಡಿ.

ಪ್ರಥಮ ಪಿಯುಸಿಯಿಂದ ಹೋದ ಪಾಠಗಳು ಸಸ್ಯಗಳಲ್ಲಿ ಸಾಗಣೆ, ಖನಿಜ ಪೋಷಣೆ, ಜೀರ್ಣಕ್ರಿಯೆ. ಬಿ.ಎಸ್ಸಿ. ಕೃಷಿಗೆ ಹೋಗುವ ಮನಸ್ಸಿದ್ದರೆ ಮೊದಲ ಎರಡನ್ನು ಪರೀಕ್ಷೆ ಮುಗಿದ ಮೇಲಾದರೂ ಅಕ್ಕನ ಪುಸ್ತಕದಿಂದ ಓದಿ. ಸೂಕ್ಷ್ಮಜೀವಿಗಳ ಪಾಠದಲ್ಲಿ ರೈಜೋಬಿಯಂ ಸಾರಜನಕ ಹಿಡಿಯುತ್ತದೆ ಎಂದಷ್ಟೇ ಹೇಳಿ ಬಿಡುತ್ತಾರೆ, ಹೇಗೆ ಎಂಬುದು ಇದ್ದದ್ದು ಖನಿಜ ಪೋಷಣೆಯಲ್ಲಿ. ಹೂಬಿಟ್ಟ ಶೇಂಗಾ ಗಿಡವೊಂದನ್ನು ಬೇರುಸಮೇತ ಕಿತ್ತು, ಬೇರಿನ ಗಂಟನ್ನು ಬ್ಲೇಡಿನಿಂದ ಸೀಳಿದರೆ ಒಳಗೆ ನಸುಗೆಂಪು ಕಾಣುತ್ತದೆ. ಅದು ಲೆಗ್‌ಹೀಮೊಗ್ಲೋಬಿನ್: ಸಾರಜನಕ ಹಿಡಿಯುವ ನೈಟ್ರೊಜಿನೇಸ್ ಕಿಣ್ವಕ್ಕೆ ಆಮ್ಲಜನಕ ತಾಗಿದರೆ ಕೆಡುತ್ತದೆ, ಆ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುವುದು ಇದರ ಕೆಲಸ. ಸೀಳಿದ ಗಂಟು ಒಳಗೆ ಬೆಳ್ಳಗೋ ಹಸಿರಾಗಿಯೋ ಇದ್ದರೆ ಆ ಗಂಟಿನಲ್ಲಿ ಕೆಲಸ ನಡೆಯುತ್ತಿಲ್ಲ ಎಂದೇ ತಿಳಿಯಿರಿ.