ನಾಳೆ ಏನೆಂದು ತಿಳಿಯದಿರುವಾಗ ದೇವರಲ್ಲಿ ಭರವಸೆ ಇಡುವುದು ಎಂದರೇನು?

ಸಹೋದರಿ, ಬಿ.ಎಡ್. ಮುಗಿಸಿ ಎರಡು ವರ್ಷವಾದರೂ ಕೆಲಸ ಸಿಕ್ಕಿಲ್ಲ, ಚರ್ಚಿನ ಸಭೆಯಲ್ಲಿ ಕಷ್ಟ ಹೇಳಿಕೊಂಡರೆ ಎಲ್ಲರೂ ನಿಮಗೆ ಹಿತವನ್ನೇ ಯೋಚಿಸುತ್ತಿದ್ದೇನೆ ಎಂದು ದೇವರು ಹೇಳುವ ಬೈಬಲಿನ ವಚನ ಯೆರೆಮೀಯ 29:11 ಅನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುತ್ತಾರೆ, ಆದರೂ ರಾತ್ರಿ ನಿದ್ದೆ ಹತ್ತುವುದಿಲ್ಲ, ಹಾಗಾದರೆ ನನ್ನದು ಅವಿಶ್ವಾಸವೇ ಎಂದು ಕೇಳಿದ್ದೀರಿ. ನಾನು ಸಭಾಪಾಲಕನೂ ಅಲ್ಲ, ದೇವಶಾಸ್ತ್ರ ಓದಿದವನೂ ಅಲ್ಲ. ಮೂಡಿಗೆರೆ ಕಡೆ ನಾಲ್ಕು ಎಕರೆ ರೋಬಸ್ಟಾ ಕಾಫಿ ನೋಡಿಕೊಂಡಿರುವವನು. ಆದರೆ ಅದೇ ವಚನಕ್ಕೆ ಕಟ್ಟು ಹಾಕಿಸಿ ನಮ್ಮ ಮನೆಯ ಗೋಡೆಗೂ ತೂಗುಹಾಕಿದ್ದಾರೆ, ಮತ್ತು ಅದರೊಡನೆ ನಾನು ಸಾಕಷ್ಟು ಜಗಳವಾಡಿದ್ದೇನೆ.

ಆ ವಚನವನ್ನು ಒಂಟಿಯಾಗಿ ಓದದೆ ದಯವಿಟ್ಟು ಹಿಂದಿನ ಅಧ್ಯಾಯದಿಂದ ಓದಿ. ಕ್ರಿ.ಪೂ. 597ರಲ್ಲಿ ಅರಸ ನೆಬೂಕದ್ನೆಚ್ಚರನು ಯೆರೂಸಲೇಮಿನಿಂದ ಬಾಬೆಲಿಗೆ ಸೆರೆ ಒಯ್ದಿದ್ದ ಜನರ ವಿಷಯ ಅದು. ಹನನ್ಯನೆಂಬ ಪ್ರವಾದಿ ದೇವಾಲಯದಲ್ಲಿ ಎಲ್ಲರ ಮುಂದೆ ನಿಂತು, ಎರಡೇ ವರ್ಷದಲ್ಲಿ ಎಲ್ಲರೂ ಊರಿಗೆ ಮರಳುತ್ತಾರೆ ಎಂದು ಸಾರಿದ; ಕೇಳುವವರ ಕಿವಿಗೆ ಅದಕ್ಕಿಂತ ಇಂಪಾದ ಮಾತು ಇರಲಿಕ್ಕಿಲ್ಲ. ಪ್ರವಾದಿ ಯೆರೆಮೀಯನು ಸೆರೆಯವರಿಗೆ ಬರೆದ ಪತ್ರದಲ್ಲಿದ್ದ ಲೆಕ್ಕವಾದರೋ 70 ವರ್ಷ. ಅಂದರೆ ಆ ಪತ್ರವನ್ನು ಕೈಯಲ್ಲಿ ಹಿಡಿದು ಓದಿದ ದೊಡ್ಡವರಲ್ಲಿ ಹೆಚ್ಚಿನವರು ಬಾಬೆಲಿನಲ್ಲಿಯೇ ಮಣ್ಣಾಗುವವರು. ನಿಮಗೆ ಹಿತವನ್ನೇ ಯೋಚಿಸುತ್ತಿದ್ದೇನೆ ಎಂಬ ದೇವರ ಮಾತು ಬಂದದ್ದು ಅಂಥವರಿಗೆ. ಅದಕ್ಕೂ ಮೊದಲು ಅದೇ ಪತ್ರ ಏನು ಹೇಳುತ್ತದೆ ನೋಡಿ: ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಅದರ ಫಲ ಉಣ್ಣಿ, ಮಕ್ಕಳಿಗೆ ಮದುವೆ ಮಾಡಿ, ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ. ನಾವು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುವುದು ಯೆರೆಮೀಯನ ವಚನವಾದರೂ ಮನಸ್ಸಿನಲ್ಲಿ ಇಟ್ಟುಕೊಂಡಿರುವುದು ಹನನ್ಯನ ಗಡುವು ಎಂಬುದು ನನ್ನ ಅನುಮಾನ.

ನಮ್ಮ ತಂದೆಯವರ ಒಂದು ಸಂಗತಿ ಹೇಳುತ್ತೇನೆ. ಕಾಫಿಗೆ ಹೂಮಳೆ ಎಷ್ಟು ಮುಖ್ಯವೆಂದು ಹಾಸನದವರಾದ ನಿಮಗೆ ಗೊತ್ತಿರಬಹುದು. ಮೊಗ್ಗು ಕಟ್ಟಿದ ಗಿಡ ಫೆಬ್ರವರಿ, ಮಾರ್ಚ್‌ನಲ್ಲಿ ಹದವಾದ ಒಂದು ಮಳೆಗೆ ಕಾಯುತ್ತದೆ; ಬಿದ್ದರೆ ಎಂಟು-ಹತ್ತು ದಿನದಲ್ಲಿ ತೋಟವೆಲ್ಲ ಬೆಳ್ಳಗಾಗುತ್ತದೆ, ಅರ್ಧಂಬರ್ಧ ಬಿದ್ದರೆ ಮೊಗ್ಗು ಪೂರ್ತಿ ಅರಳದೆ ಕೆಡುತ್ತದೆ, ಅದು ಬೀಳದಿರುವುದಕ್ಕಿಂತಲೂ ಕಷ್ಟ. ತಂದೆಯವರು ಆ ದಿನಗಳಲ್ಲಿ ಬೆಳಗಿನ ಜಾವ ಅಡುಗೆಮನೆಯ ಮಣೆಯ ಮೇಲೆ ಕುಳಿತು ಮಳೆಗಾಗಿ ಪ್ರಾರ್ಥಿಸುತ್ತಿದ್ದರು. ಆಮೆನ್ ಎಂದವರೇ ಅಂಗಳಕ್ಕೆ ಬಂದು, ಸ್ಪ್ರಿಂಕ್ಲರಿನ ಮೂತಿಗಳನ್ನು ಬಿಚ್ಚಿ, ತಂತಿಯಿಂದ ಒಂದೊಂದಾಗಿ ಕೆಸರು ತೆಗೆದು, ಹಳೆಯ ಗೋಣಿಚೀಲದ ಮೇಲೆ ಸಾಲಾಗಿ ಇಡುತ್ತಿದ್ದರು. ಕಾಲೇಜಿನಲ್ಲಿದ್ದ ನಾನು ಒಮ್ಮೆ, ಮಳೆ ಬರುತ್ತದೆಂಬ ನಂಬಿಕೆಯಿದ್ದರೆ ಇದೇಕೆ ಅಪ್ಪ ಎಂದು ಕೆಣಕಿದೆ. ಅವರು ತಲೆ ಎತ್ತದೆಯೇ, "ಮಳೆ ಬರುತ್ತೆ ಅಂತ ಎಲ್ಲಿ ಹೇಳಿದೆ? ದೇವರು ಇದಾನೆ ಅಂತ ಹೇಳಿದೆ. ಆ ವಾಷರ್ ಕೊಡು," ಎಂದರು.

ಆ ವರ್ಷ ಮಳೆ ಕೈಕೊಟ್ಟಿತು, ಕೆರೆಯ ನೀರೂ ಅರ್ಧ ತೋಟಕ್ಕಷ್ಟೇ ಆಯಿತು. ಫಸಲು ಹೋಯಿತು, ನನ್ನ ಓದೂ ಅಲ್ಲಿಗೇ ನಿಂತಿತು. ಅದರಿಂದ ಕೊನೆಗೆ ಒಳ್ಳೆಯದೇ ಆಯಿತು ಎಂದು ಸಾಕ್ಷಿ ಹೇಳುವಂಥದ್ದೇನೂ ನನ್ನ ಬಳಿ ಇಲ್ಲ. ಮರುವರ್ಷವೂ ಅವರು ಅದೇ ಮಣೆಯ ಮೇಲೆ ಕುಳಿತರು, ಅಷ್ಟೇ. ಅಂಜೂರ ಚಿಗುರದಿದ್ದರೂ, ಹೊಲ ಅನ್ನ ಕೊಡದಿದ್ದರೂ ನನ್ನ ದೇವರಲ್ಲಿ ಆನಂದಿಸುವೆನು ಎಂದು ಬೈಬಲಿನಲ್ಲಿ ಪ್ರವಾದಿ ಹಬಕ್ಕೂಕನು ಬರೆದದ್ದು ನನಗೆ ಕವಿತೆಯಂತಲ್ಲದೆ ಒಬ್ಬ ಬೆಳೆಗಾರನ ಮಾತಿನಂತೆ ಕೇಳಿಸಲು ಶುರುವಾದದ್ದು ಆಗ.

ಇನ್ನು ನಿಮ್ಮ ನಿದ್ದೆಯ ಮಾತು. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸುಸ್ವಾಮಿ ಈ ಪಾತ್ರೆ, ಅಂದರೆ ಬರಲಿದ್ದ ಆ ಸಂಕಟ, ನನ್ನಿಂದ ದಾಟಿಹೋಗಲಿ ಎಂದು ಮತ್ತೆ ಮತ್ತೆ ಬೇಡಿದರು. ಆ ರಾತ್ರಿ ನಿದ್ದೆ ಮಾಡಿದವರು ಶಿಷ್ಯರು. ಆದ್ದರಿಂದ ನಿದ್ದೆ ಬಾರದಿರುವುದನ್ನು ಅವಿಶ್ವಾಸದ ಗುರುತೆಂದು ನಾನು ಒಪ್ಪುವುದಿಲ್ಲ. ನಾಳೆಗಾಗಿ ಚಿಂತಿಸಬೇಡಿ ಎಂದವರೂ ಯೇಸುಸ್ವಾಮಿಯೇ, ಆದರೆ ಅದೇ ಉಸಿರಿನಲ್ಲಿ ಆಯಾ ದಿನಕ್ಕೆ ಅದರದೇ ಪಾಡು ಇದ್ದೇ ಇರುತ್ತದೆ ಎಂದೂ ಹೇಳಿದರು. ಹೆದರಿಕೆಯನ್ನು ದೇವರ ಮುಂದೆಯೇ ಹೇಳಿಕೊಳ್ಳುವವರೆಗೆ ಅದೂ ಪ್ರಾರ್ಥನೆಯೇ. ನಿದ್ದೆಯಿಲ್ಲದ ರಾತ್ರಿಗಳು ವಾರಗಟ್ಟಲೆ ಮುಂದುವರಿದರೆ ಮಾತ್ರ ವೈದ್ಯರನ್ನೂ ಕಾಣಿ, ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ.

ಪಕ್ಕದ ಊರಿನ ಖಾಸಗಿ ಶಾಲೆಯೊಂದು ಕಡಿಮೆ ಸಂಬಳಕ್ಕೆ ಕರೆದಿದೆ, ಆದರೆ ದೇವರ ಚಿತ್ತ ಸರ್ಕಾರಿ ಕೆಲಸವೇ ಆಗಿದ್ದರೆ ಎಂದು ಹಿಂಜರಿಯುತ್ತಿರುವುದಾಗಿ ಬರೆದಿದ್ದೀರಿ. ಹೋಗಿ ಸೇರಿಕೊಳ್ಳಿ, ನೇಮಕಾತಿಯ ಅರ್ಜಿಯನ್ನು ಅಲ್ಲಿಂದಲೂ ಹಾಕಬಹುದು.