ಟೊಮೆಟೊ ಕಾಯಿಯ ತಳ ಕಪ್ಪಾಗುತ್ತಿದೆ, ಏನು ಮಾಡಲಿ?

ಪ್ರಶ್ನೆ: ತಾರಸಿಯಲ್ಲಿ 8 ಇಂಚಿನ ಕುಂಡಗಳಲ್ಲಿ ಟೊಮೆಟೊ ಹಾಕಿದ್ದೇನೆ. ಗಿಡ ಹಸಿರಾಗಿದೆ. ಆದರೆ ಕಾಯಿಯ ತಳ ಕಪ್ಪಾಗಿ ಒಳಗೆ ಕುಸಿಯುತ್ತಿದೆ. ಮೊಟ್ಟೆ ಚಿಪ್ಪಿನ ಪುಡಿ ಹಾಕಿದರೂ ನಿಂತಿಲ್ಲ. ಯಾವ ಔಷಧಿ ಹೊಡೆಯಬೇಕು?
– ಓದುಗರು, ಮೈಸೂರು

ಉತ್ತರ: ದಯವಿಟ್ಟು ಔಷಧಿ ಹೊಡೆಯಬೇಡಿ. ಇದು ಶಿಲೀಂಧ್ರವೂ ಅಲ್ಲ, ಹುಳವೂ ಅಲ್ಲ. ಒಂದು ಗಿಡದಿಂದ ಇನ್ನೊಂದಕ್ಕೆ ಹರಡುವುದೂ ಇಲ್ಲ. ಇದಕ್ಕೆ ಬ್ಲಾಸಮ್ ಎಂಡ್ ರಾಟ್ ಎನ್ನುತ್ತಾರೆ. ಕಾಯಿ ದಪ್ಪವಾಗುವ ಹೊತ್ತಿನಲ್ಲಿ ಅದರ ತಳದ ತುದಿಗೆ ಕ್ಯಾಲ್ಸಿಯಂ ಸಾಲದೆ ಹೀಗಾಗುತ್ತದೆ.

ಹಾಗಾದರೆ ಚಿಪ್ಪಿನ ಪುಡಿ ಯಾಕೆ ಕೆಲಸ ಮಾಡಲಿಲ್ಲ? ಒಂದು, ಅದು ಕರಗಲು ತಿಂಗಳುಗಟ್ಟಲೆ ಬೇಕು. ಇನ್ನೊಂದು, ಮಣ್ಣಿನಲ್ಲಿ ಕ್ಯಾಲ್ಸಿಯಂ ಹೆಚ್ಚಾಗಿ ಇದ್ದೇ ಇರುತ್ತದೆ, ಮೇಲೆ ಏರುವುದಿಲ್ಲ ಅಷ್ಟೇ. ಅದು ನೀರಿನ ಜೊತೆಗೇ ಗಿಡದೊಳಗೆ ಹೋಗಬೇಕು. ಆ ನೀರನ್ನು ಎಲೆಗಳು ಜಾಸ್ತಿ ಎಳೆದುಕೊಳ್ಳುತ್ತವೆ, ಕಾಯಿಗೆ ಸಿಗುವುದು ಸ್ವಲ್ಪ. ಮಣ್ಣು ಒಮ್ಮೆ ಒಣಗಿದರೂ ಮೊದಲು ಸೊರಗುವುದು ಕಾಯಿಯ ತುದಿ.

ನಿಮ್ಮ ನಿಜವಾದ ತೊಂದರೆ ಕುಂಡದ ಅಳತೆ. 8 ಇಂಚಿನ ಕುಂಡದಲ್ಲಿ 5–6 ಲೀಟರ್ ಮಣ್ಣಿರುತ್ತದೆ. ಕಾಯಿ ಬಿಟ್ಟ ಗಿಡ ಬಿಸಿಲಿನಲ್ಲಿ ಆ ತೇವವನ್ನು ಮಧ್ಯಾಹ್ನದೊಳಗೆ ಮುಗಿಸಿಬಿಡುತ್ತದೆ. ಸಂಜೆ ನೀವು ತುಂಬಾ ನೀರು ಹಾಕುತ್ತೀರಿ, ಮರುದಿನ ಮತ್ತೆ ಅದೇ ಕಥೆ. ಒಂದು ಗಿಡಕ್ಕೆ 15–20 ಲೀಟರ್ ಹಿಡಿಯುವ ಕುಂಡ ಅಥವಾ 12 ಇಂಚಿನ ಗ್ರೋ ಬ್ಯಾಗ್ ಬೇಕೇ ಬೇಕು.

ಈಗಿರುವ ಗಿಡಗಳ ಬೇರು ಕದಲಿಸಬೇಡಿ. ಮಣ್ಣಿನ ಮೇಲೆ ಒಣ ಎಲೆ ಇಲ್ಲವೇ ತೆಂಗಿನ ನಾರು ದಪ್ಪಗೆ ಹಾಸಿ. ಬೆಳಿಗ್ಗೆ ಬೇಗ ನೀರು ಕೊಡಿ. ಮಧ್ಯಾಹ್ನ ಬೆರಳು ಒಂದು ಇಂಚು ಇಳಿಸಿ ನೋಡಿ, ಒಣಗಿದ್ದರೆ ಮತ್ತೆ ಸ್ವಲ್ಪ ಕೊಡಿ. ಯೂರಿಯಾ ಹಾಕುತ್ತಿದ್ದರೆ ಇವತ್ತೇ ನಿಲ್ಲಿಸಿ. ಅದರಿಂದ ಎಲೆ ಸೊಂಪಾಗುತ್ತದೆ, ಕಾಯಿಗೆ ಕ್ಯಾಲ್ಸಿಯಂ ಇನ್ನೂ ಕಡಿಮೆಯಾಗುತ್ತದೆ.

ಕಪ್ಪಾದ ಕಾಯಿ ಸರಿಹೋಗುವುದಿಲ್ಲ, ಕಿತ್ತುಬಿಡಿ. ಬೂಸ್ಟು ಬಂದಿಲ್ಲದಿದ್ದರೆ ಕೆಟ್ಟ ಭಾಗ ಕತ್ತರಿಸಿ ಉಳಿದದ್ದನ್ನು ಅಡುಗೆಗೆ ಬಳಸಬಹುದು. ಹೊಸ ಕಾಯಿಗಳಲ್ಲಿ ಬದಲಾವಣೆ ಕಾಣಲು ಎರಡು ಮೂರು ವಾರ ಬೇಕು, ಅಲ್ಲಿಯವರೆಗೆ ತಾಳ್ಮೆ ಇರಲಿ.

ಮುಂದಿನ ಬಾರಿಗೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಎಂಬ ಟೊಮೆಟೊ ತಳಿ ನೋಡಿ. ಎಲೆ ಮುದುಡು ರೋಗ, ದುಂಡಾಣು ಸೊರಗು ರೋಗಗಳನ್ನು ಅದು ತಡೆದುಕೊಳ್ಳುತ್ತದೆ. ಆದರೆ ತಳ ಕಪ್ಪಾಗುವುದನ್ನು ಯಾವ ತಳಿಯೂ ಪೂರ್ತಿ ತಡೆಯುವುದಿಲ್ಲ. ಹಾಗಾಗಿ ಬೀಜಕ್ಕಿಂತ ಮೊದಲು ದೊಡ್ಡ ಕುಂಡ ತನ್ನಿ.